ನಾವಿಯ ಮೇಳಿ

ಗಜೇಂದ್ರಗಡದ ಬಸ್ಸು ರೋಣ ಬಿಟ್ಟಾಗಿನಿಂದ ದ್ಯಾಮಪ್ಪನ ಕಣ್ಣಿಗೆ ಬೀಳುತ್ತಿದ್ದದ್ದು ಹೆಂಡತಿಯ ತುರುಬು ಒಂದೇ. ಹೆಂಗಸರು ಮುಂದೆ, ಗಂಡಸರು ಹಿಂದೆ. ಕಲ್ಲವ್ವ ಕಿಟಕಿಯ ಮಗ್ಗುಲಿಗೆ ಕೂತು ಯಾರದೋ ಕೂಸನ್ನು ತೊಡೆಗೆ ಎಳೆದುಕೊಂಡಿದ್ದಳು. ಕೂಸು ಅವಳ ಸೆರಗನ್ನು ಬಾಯಿಗೆ ತುರುಕಿಕೊಂಡಿತ್ತು. ಅದರ ತಾಯಿ ನಾಚಿ ಬಿಡಿಸಲು ಹೋದರೆ ಕಲ್ಲವ್ವ, ‘ಇರ್ಲಿ ಬಿಡವಾ, ಹಳೇ ಸೀರಿ. ಅದಕರ ರುಚಿ ಹತ್ತೇತಿ’ ಅಂದಳು. ಹಳೆ ಸೀರೆ ಅನ್ನುವ ಮಾತು ದ್ಯಾಮಪ್ಪನಿಗೆ ಚುಚ್ಚಿತು, ಯಾಕೆಂದರೆ ಹೊಸ ಸೀರೆ ಕೊಡಿಸುತ್ತೇನೆಂದೇ ಅವಳನ್ನು ಹೊರಡಿಸಿದ್ದ. ಅದು ಪೂರಾ ಸುಳ್ಳಲ್ಲ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಸೀರೆಯೂ ಆಗಬಹುದು. ಆದರೆ ಅವನು ಹೊರಟದ್ದು ನಾವಿಯ ಕಡಾಣಿಗಾಗಿ. ಐದು ಮಳೆಗಾಲದಿಂದ ಕೊಣ್ಣೂರಿನ ಹೊಳೆದಂಡೆಯ ಜಾಲಿ ನೆರಳಿನಲ್ಲಿ ಬೋರಲು ಬಿದ್ದಿರುವ ಹಾಯಿದೋಣಿ ಅದು, ಊರವರ ಬಾಯಲ್ಲಿ ನಾವಿ. ಅದರ ಒಂದು ಹಿತ್ತಾಳೆ ತುಣುಕು ಸಿಗದೆ ಅವನಿಗೆ ಈಗ ನಿದ್ದೆಯೂ ಇರಲಿಲ್ಲ.

ಈಗ ಅಂದರೆ ಗೆಳೆಯ ಈಶಪ್ಪನ ಬಸುರಿ ಸೊಸೆಗೆ ಕುಬಸ ಮಾಡಿದ ದಿನದಿಂದ. ಅಂದು ಪಡಸಾಲೆಯ ತುಂಬ ಹೆಂಗಸರಿದ್ದರು. ಹೊರಗೆ ಕಟ್ಟೆಯ ಮೇಲೆ ದ್ಯಾಮಪ್ಪ, ಈಶಪ್ಪ, ಇನ್ನಿಬ್ಬರು ಅಡಕಿ ಎಲೆ ಹಾಕಿಕೊಂಡು ಹತ್ತಿಯ ಮಾತಿನಲ್ಲಿದ್ದರು. ಒಳಗೆ ಜಿನ್ನಿಂಗ್ ಫ್ಯಾಕ್ಟರಿಯ ಮ್ಯಾನೇಜರನ ಹೆಂಡತಿ, ಹುಬ್ಬಳ್ಳಿಯಾಕೆ, ‘ನಿಮ್ಮ ಮನಿಯವರದು ನಾವಿ ಐತಂತಲ್ರಿ, ಅದರಾಗ ಕುಂತ್ರ ಹ್ಯಾಂಗ ಅನಸ್ತೈತ್ರಿ?’ ಎಂದು ಕೇಳಿದಳು. ಕಲ್ಲವ್ವ ನಗುತ್ತಲೇ, ‘ನನಗೇನ ಗೊತ್ರಿ? ಕುಂತವರನ್ನ ಕೇಳಬೇಕು. ಕ್ಷೌರದ ಹನುಮಪ್ಪ ಭಾಳ ಸಲ ಕುಂತಾನ. ಕರಸ್ಲೇನು?’ ಅಂದಳು. ಪಡಸಾಲೆ ಘೊಳ್ಳನೆ ನಕ್ಕಿತು. ಕಟ್ಟೆಯ ಮೇಲಿನವರೂ ನಕ್ಕರು, ದ್ಯಾಮಪ್ಪನೂ ನಕ್ಕ. ಆ ನಗು ಬಾಯಲ್ಲಿ ಸಿಕ್ಕಿಕೊಂಡ ಅಡಕಿ ಚೂರಿನ ಹಾಗೆ ಇನ್ನೂ ಉಳಿದಿತ್ತು. ಅವಳ ಮಾತಿನಲ್ಲಿ ಕೊಂಕು ಇದ್ದಿದ್ದರೆ ಜಗಳಾಡಬಹುದಿತ್ತು. ಕೊಂಕಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ, ಮಜ್ಜಿಗೆಗೆ ಉಪ್ಪು ಹಾಕಿಲ್ಲ ಅನ್ನುವ ಹಾಗೆ ಹೇಳಿದ್ದಳು. ಮಾಮಲೇದಾರರು ಕೂತಿದ್ದರು. ಮುಂಬೈಯಿಂದ ಬಂದ ಹತ್ತಿ ದಲಾಲರು ಕೂತು, ಹೆದರಿ ಕಿರುಚಿ, ಆಮೇಲೆ ತಾವು ಹೆದರಲಿಲ್ಲವೆಂದು ವಾದಿಸಿದ್ದರು. ಹನುಮಪ್ಪ ತನ್ನ ಹಡಪದೊಂದಿಗೆ ಕೂತಿದ್ದ. ಕಲ್ಲವ್ವ ಎಲ್ಲರಿಗೂ ಬುತ್ತಿ ಕಟ್ಟಿ ಕಳಿಸಿದ್ದಳು.

ಬಸ್ಸು ಕುಲುಕಿತು. ಪಕ್ಕದವನ ಕೋಳಿ ಅವನ ಪಂಚೆಯನ್ನು ಕುಕ್ಕಿತು. ಕಂಡಕ್ಟರ್ ತನ್ನ ಚೀಲವನ್ನು ಹೆಗಲು ಬದಲಿಸಿ, ‘ಕಾಲ ಮ್ಯಾಲ ಇಟಗೋರಿ ಸಾವಕಾರ್ರ, ಅದು ಸಾಕಿದವನ ಮಾತ ಸೈತ ಕೇಳೂದಿಲ್ಲ’ ಎಂದು ಹೇಳಿ ಹೋದ. ದ್ಯಾಮಪ್ಪನಿಗೆ ಕುಮಟೆ ನೆನಪಾಯಿತು. ಅಜ್ಜನ ಕಾಲದಲ್ಲಿ ಇಲ್ಲಿನ ಅರಳೆ ಬಂಡಿಗಳು ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗುತ್ತಿದ್ದವಂತೆ. ಆ ಮಾತಿನ ಎಳೆ ಹಿಡಿದು ಅವನೂ ಮೀಸೆ ಮೂಡಿದ ಹೊಸತರಲ್ಲಿ ಏನೋ ನೆಪ ಮಾಡಿ ಹೋಗಿದ್ದ. ನೀರಿನ ಮೇಲೆ ಬಿಳಿ ಬಟ್ಟೆಯೊಂದು ತಾನಾಗಿ ನಡೆದು ಬರುತ್ತಿತ್ತು. ಎತ್ತಿಲ್ಲ, ಕೋಲಿಲ್ಲ, ಹೋ ಹೋ ಅನ್ನುವವರಿಲ್ಲ. ಕರಿಮಣ್ಣಿನ ಸೀಮೆಯಿಂದ ಬಂದವನಿಗೆ ಎದೆಯೊಳಗೆ ಏನೋ ಕಳಚಿದಂತಾಯಿತು. ಪೇದ್ರು ಎಂಬ ಮೇಸ್ತ್ರಿಯ ಕೈಯಲ್ಲಿ ಅಂಥದೇ ಒಂದು ಸಣ್ಣ ನಾವಿ ಮಾಡಿಸಿ, ಬಿಚ್ಚಿ, ಕೊಣ್ಣೂರಿಗೆ ತರಿಸಿಬಿಟ್ಟ. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಕೊಡಗಳು ಸಾಲು ಹಚ್ಚುವ ರೋಣದಲ್ಲಿ ಅಂದಿನಿಂದ ಅವನು ಹಡಗಿನ ದ್ಯಾಮಪ್ಪ ಆದ. ನಾವಿಯ ಭಾಗಗಳಿಗೆ ಪೇದ್ರು ಹೇಳಿಕೊಟ್ಟ ಹೆಸರುಗಳು ಘಟ್ಟ ಹತ್ತುವುದರೊಳಗೆ ಮರೆತುಹೋದವು. ಬಂಡಿ, ನೇಗಿಲು ಬಲ್ಲವನು ತನಗೆ ಬಂದ ಹೆಸರುಗಳನ್ನೇ ಇಟ್ಟ. ಹಾಯಿ ಪರದಿ ಆಯಿತು. ಹಿಂದೆ ನೇತಾಡಿ ದಿಕ್ಕು ತಿರುಗಿಸುವ ಹಲಗೆ ಬಾಲ. ಬಾಲವನ್ನು ಹೊತ್ತು ನಿಲ್ಲುವ ಹಿತ್ತಾಳೆ, ಬಂಡಿಯ ಗಾಲಿ ಕಳಚದಂತೆ ತಡೆಯುವ ಗೂಟದ ಹಾಗೆ, ಕಡಾಣಿ. ಬಾಲವನ್ನು ಆಡಿಸಲು ಕೈಯಲ್ಲಿ ಹಿಡಿಯುವ ಕಟ್ಟಿಗೆ, ನೇಗಿಲಿಗಿರುವಂತೆ, ಮೇಳಿ.

ಆ ಕೊನೆಯ ಹೆಸರನ್ನು ಅವನು ತಮಾಷೆಗೆ ಇಟ್ಟಿದ್ದ. ಅವ್ವ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ‘ಮೇಳಿ ಐತೇನು ಅದಕ್ಕ? ಹಂಗಾರ ಹೆಣ್ಣಮಕ್ಕಳು ಮುಟ್ಟಬಾರದು, ದಾಟಬಾರದು’ ಅಂದಳು. ಹೊಲದ ನೇಗಿಲಿಗೆ ಇದ್ದ ಕಟ್ಟು ಹೊಳೆಯ ನಾವಿಗೂ ಬಂತು. ಹೊಸ ಮದುವಣಗಿತ್ತಿ ಕಲ್ಲವ್ವ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಆಗ ಅವನು, ಅವ್ವಾ ಅದು ಬರೇ ಹೆಸರು, ನಾನ ಇಟ್ಟದ್ದು ಅನ್ನಬಹುದಿತ್ತು. ಅನ್ನಲಿಲ್ಲ. ಅವ್ವ ಹೋಗಿ ಎಷ್ಟೋ ವರ್ಷಗಳಾದವು. ಆಮೇಲಾದರೂ ಅನ್ನಬಹುದಿತ್ತು. ಮರೆತಿದ್ದ ಅಂದರೆ ಖರೇ. ಆದರೆ ಮರೆಯುವುದೂ ಒಂದು ಬಗೆಯಲ್ಲಿ ತನಗೆ ಅನುಕೂಲವಾಗಿತ್ತಲ್ಲ ಎಂದು ಈಚೆಗೆ ಅನ್ನಿಸುತ್ತಿತ್ತು. ಹೊಳೆಗೆ ಹೋಗುವುದೆಂದರೆ ಮನೆಯಿಂದ ಹೋಗುವುದು. ಮನೆಯನ್ನೇ ನಾವಿಯಲ್ಲಿ ಕೂಡಿಸಿಕೊಂಡರೆ ಹೋಗುವುದೆಲ್ಲಿಗೆ? ಛೀ, ಎಂದುಕೊಂಡು ಕಿಟಕಿಯಾಚೆ ನೋಡಿದ. ಜೋಳ ಮೊಣಕಾಲೆತ್ತರ ಬಂದಿತ್ತು. ಗಣಪತಿ ಹಬ್ಬ ಮುಗಿದಿತ್ತು. ಮಾನೌಮಿ ಕಳೆದರೆ ಹೊಳೆ ಇಳಿಯುತ್ತದೆ, ಶೀಗಿ ಹುಣ್ಣಿಮೆಗೆ ಉಸುಕು ಕಾಣುತ್ತದೆ. ಈ ನೀರಿನಲ್ಲೇ ಅವಳನ್ನು ಕೂಡಿಸಬೇಕು. ಇನ್ನೊಂದು ವರ್ಷ ಆ ನಗುವನ್ನು ಬಾಯಲ್ಲಿಟ್ಟುಕೊಂಡು ಇರಲಾರೆ.

ಹೋದ ಬೇಸಿಗೆಯಲ್ಲಿ ಒಮ್ಮೆ ಕುಮಟೆಗೂ ಹೋಗಿ ಬಂದಿದ್ದ. ಆಗ ನಾವಿಯ ಮೇಲಿನ ಮಮತೆಗೆ ಮಾತ್ರ. ಪೇದ್ರು ತೀರಿಹೋಗಿದ್ದ. ಅವನ ಕಾರ್ಖಾನೆ ಇದ್ದಲ್ಲಿ ಹಂಚಿನ ಒಟ್ಟಿಲು. ಪೇಟೆಯಲ್ಲಿ ‘ನಾವಿಯ ಕಡಾಣಿ’ ಎಂದು ಕೇಳಿದರೆ ಕೈ ತೋರಿಸಿ ಬಂಡಿ ಕಮ್ಮಾರನ ಕಡೆ ಕಳಿಸಿದರು. ಕಮ್ಮಾರ ಒಳ್ಳೆಯ ಕಬ್ಬಿಣದ ಕಡಾಣಿಯೊಂದನ್ನು ಕಾಗದದಲ್ಲಿ ಸುತ್ತಿ, ದೂರದಿಂದ ಬಂದೀರಿ ಎಂದು ಕಡಿಮೆ ಬೆಲೆಗೆ ಕೊಟ್ಟಾಗ ಬೇಡ ಅನ್ನಲು ಬಾಯಿ ಬರಲಿಲ್ಲ. ಕೊನೆಗೆ ದಂಡೆಯ ಮೇಲೆ ಬಲೆ ಬಿಡಿಸುತ್ತಿದ್ದ ಹೆಂಗಸೊಬ್ಬಳು ಅವನ ಕೈಸನ್ನೆ ನೋಡಿ ನಕ್ಕು, ಅರ್ಥ ಮಾಡಿಕೊಂಡು, ‘ಪೇದ್ರು ಮಾಡಿದ ದೋಣಿಗೆ ಪೇದ್ರೂದೇ ಆಗಬೇಕು. ಬೇರೆಯವರದ್ದು ಕೂಡೂದಿಲ್ಲ’ ಅಂದಳು. ಅವನ ಮುಖ ನೋಡಿ ಒಂದು ಎಳನೀರು ಕೆತ್ತಿಸಿ ಕೊಟ್ಟಳು. ಸತ್ತವರ ಮನೆಗೆ ಬಂದವನನ್ನು ಉಪಚರಿಸಿದ ಹಾಗಿತ್ತು ಅದು.

ಗಜೇಂದ್ರಗಡದಲ್ಲಿ ಇಳಿದ ಮೇಲೆ, ‘ಸೀರಿ ಆಮ್ಯಾಲ ನೋಡೂಣು, ಮೊದಲ ಮುರ್ತುಜಾಸಾಬನ ಅಂಗಡಿಗೆ ಹೋಗಿ ಬರೂಣು’ ಅಂದ. ಮುರ್ತುಜಾಸಾಬ ಹಿತ್ತಾಳೆ ತಾಮ್ರದ ಬೆಸುಗೆ, ಸಣ್ಣಪುಟ್ಟ ಎರಕ ಮಾಡುವವನು, ದ್ಯಾಮಪ್ಪನ ಹಳೆಯ ಪರಿಚಯ. ಕಲ್ಲವ್ವ ಯಾಕೆ ಎಂದು ಕೇಳಲಿಲ್ಲ. ಕೇಳದೆ ಇರುವುದರಲ್ಲಿ ಅವಳು ಪಳಗಿದ್ದಳು. ಸಾಬನ ಹೆಂಡತಿ ಬದರುನ್ನಿಸಾ ಅವಳನ್ನು ಒಳಬಾಗಿಲಿನ ಬಳಿ ಚಾಪೆ ಹಾಸಿ ಕೂಡಿಸಿದಳು. ನೀರು ಕೊಡುವ ಮುಂಚೆ ಹೊಸ ತಂಬಿಗೆಯನ್ನು ಅವಳೆದುರಿಗೇ ಹುಣಸೆ ಹಚ್ಚಿ ತೊಳೆದಳು. ಕಲ್ಲವ್ವ, ‘ಅಷ್ಟ್ಯಾಕ ತಿಕ್ಕತೀಯವಾ, ನೀರಡಿಕಿ ಆರೇ ಹೋತು’ ಅಂದಾಗ ಇಬ್ಬರೂ ನಕ್ಕರು.

ದ್ಯಾಮಪ್ಪ ಇದ್ದಿಲಿನಿಂದ ನೆಲದ ಮೇಲೆ ಬರೆದ. ನಡುವೆ ಮೇಲಕ್ಕೆ ನಿಂತ ಬೆರಳುದ್ದದ ಗೂಟ, ಅದರ ಬುಡದಲ್ಲಿ ಚಪ್ಪಟೆ ಮುಖದಂಥ ಜಾಗ, ಎಡಕ್ಕೆ ಬಲಕ್ಕೆ ಚಾಚಿದ ಎರಡು ತೋಳು, ತೋಳುಗಳಲ್ಲಿ ತೂತು. ‘ಇದು ಹೊಳ್ಯಾಗ ಬಿದ್ದ ಹೋತು. ಬಾಲ ಈ ಗೂಟದ ಮ್ಯಾಲ ಕೂಡಬೇಕು’ ಅಂದ.

‘ನಮೂನಿ ಇಲ್ದ ಎರಕ ಹ್ಯಾಂಗ ಹೊಯ್ಲಿ ಸಾವಕಾರ್ರ? ಕೂದಲೆಳಿ ಹೆಚ್ಚಾದ್ರ ತಿರಗೂದಿಲ್ಲ, ಕಡಿಮಿ ಆದ್ರ ಕಳಚತೈತಿ. ಅಳತಿ ಇಲ್ದ ಜಂಪರ ಹೊಲಿ ಅಂದಂಗಾತು’ ಎಂದ ಮುರ್ತುಜಾಸಾಬ, ಚಿತ್ರವನ್ನು ತಲೆ ಓರೆ ಮಾಡಿ ನೋಡಿದ. ಮತ್ತೆ ಈ ಕಡೆಯಿಂದ ನೋಡಿದ. ‘ಏ ಬದರು, ಬಾ ಇಲ್ಲಿ. ಇದನ್ನ ನಾವ ಎಲ್ಲೋ ನೋಡೀವಲ್ಲ?’

ಬದರುನ್ನಿಸಾ ಬಂದು ಬಗ್ಗಿದವಳೇ ಸೆರಗು ಬಾಯಿಗೆ ಹಿಡಿದಳು. ‘ಸೂಡಿ ಊರಿನ ಕಳಕವ್ವಾಯಿ ದೇವರಿದು! ಬೆಳ್ಳಿ ಕಣ್ಣ ಹಚ್ಚಿಸ್ಕೊಂಡ ಹೋದ್ರಲ್ಲ, ಗಂಗವ್ವ ದೇವಿಗೆ!’

ಸಾಬ ದ್ಯಾಮಪ್ಪನ ಕಡೆ ನೋಡಲಾರದೆ ನೋಡಿದ. ‘ನಾನ ಕಣ್ಣ ಹಚ್ಚೀನ್ರಿ. ಹೊಳ್ಯಾಗ ಸಿಕ್ಕ ದೇವರು ಅಂದ್ಲು ಮುದುಕಿ. ಗೊತ್ತಿದ್ರ...’

ದ್ಯಾಮಪ್ಪನಿಗೆ ಹೆಂಡತಿಯ ಕಡೆ ತಿರುಗುವ ಧೈರ್ಯವಾಗಲಿಲ್ಲ. ಸೀರೆಯ ನೆಪ ದೊಡ್ಡ ತಪ್ಪೇನಲ್ಲ, ಆದರೂ ಕಳ್ಳನಂತೆ ಸಿಕ್ಕಿಬಿದ್ದಿದ್ದ. ಕಲ್ಲವ್ವ ಎದ್ದು, ನಿರಿಗೆ ಕೊಡವಿ, ‘ಸೂಡ್ಯಾಗೂ ಚಲೋ ಸೀರಿ ಸಿಗತಾವೇನ್ರಿ?’ ಎಂದು ಕೇಳಿದಳು.

ಸೂಡಿಗೆ ಹೊರಟಿದ್ದ ಬಂಡಿಯವನೊಬ್ಬ ಹಿಂಡಿ ಚೀಲಗಳನ್ನು ಸರಿಸಿ, ಒಂದು ಖಾಲಿ ಚೀಲವನ್ನು ಮಡಚಿ ಅವಳಿಗೆ ಮೆತ್ತೆ ಮಾಡಿಕೊಟ್ಟ. ದಾರಿಯಲ್ಲಿ ಒಮ್ಮೆ ಕಲ್ಲವ್ವ, ‘ನನ್ನ ಸಲವಾಗೇನ್ರಿ ಇದು?’ ಅಂದಳು. ಅವನು ಹೂಂ ಅಂದನೋ, ಬಂಡಿ ಕುಲುಕಿದ್ದಕ್ಕೆ ಗಂಟಲಿನಿಂದ ಸದ್ದು ಬಂತೋ, ಅವನಿಗೇ ತಿಳಿಯಲಿಲ್ಲ. ಅವಳು ಸೆರಗಿನ ಗಂಟಿನಿಂದ ಎರಡು ಯಾಲಕ್ಕಿ ತೆಗೆದು ಒಂದನ್ನು ಅವನ ಅಂಗೈಯಲ್ಲಿಟ್ಟಳು.

ಕಳಕವ್ವನ ಮನೆ ತಗ್ಗು ಬಾಗಿಲಿನದು. ಬಗ್ಗಿ ಒಳಗೆ ಹೋಗುವವರಿಗೆ ಎದುರಿಗೇ ದೇವರ ಜಗಲಿ. ಸಾಲಾಗಿ ನಿಂತ ದೇವರುಗಳ ನಡುವೆ ಆ ಕಡಾಣಿ ನಿಂತಿತ್ತು, ಎರಡೂ ತೋಳು ಚಾಚಿಕೊಂಡು. ತೋಳಿನ ತೂತುಗಳಲ್ಲಿ ಅರಿಷಿಣದ ದಾರ, ಮುಖಕ್ಕೆ ಕುಂಕುಮ, ಎರಡು ಬೆಳ್ಳಿ ಕಣ್ಣು. ಆ ಕಣ್ಣುಗಳು ನೆಟ್ಟಗೆ ತನ್ನನ್ನೇ ನೋಡುತ್ತಿವೆ ಎಂದು ದ್ಯಾಮಪ್ಪನಿಗೆ ಅನ್ನಿಸಿತು. ಬಲತೋಳಿನ ತುದಿಯಲ್ಲಿ, ಒಮ್ಮೆ ತಾನೇ ಅರದಿಂದ ತಿಕ್ಕಿದ ಗೀರು ಎಣ್ಣೆಯಲ್ಲಿ ಹೊಳೆಯುತ್ತಿತ್ತು. ಕಳಕವ್ವ ಮುದುಕಿ, ತೆಳ್ಳಗೆ, ನೆಟ್ಟಗೆ. ಬಂದವರು ಯಾರು ಎಂದು ಕೇಳುವ ಮೊದಲೇ ಅವನನ್ನು ಕಂಬಕ್ಕೆ ಒರಗಿಸಿ ಕೂಡಿಸಿದಳು, ‘ಬೆನ್ನ ನೋವಿನವರು ಕಂಡಂಗ ಕಾಣ್ತೀರಿ’ ಎಂದು. ದೇವರ ಕತೆಯನ್ನು ಕೇಳದೆಯೇ ಹೇಳಿದಳು. ಸಂಕ್ರಾಂತಿ ಜಳಕಕ್ಕೆ ಕೊಣ್ಣೂರಿಗೆ ಹೋದಾಗ ಉಸುಕಿನಲ್ಲಿ ಗಂಗವ್ವ ಕಾಲಿಗೆ ತೊಡರಿದಳಂತೆ. ಬಿಟ್ಟು ನಡೆದರೆ ಮತ್ತೆ ತೊಡರಿದಳಂತೆ. ‘ಬರತೀನಿ ಅಂತ ಕಾಲ ಹಿಡದಾಕೀನ ಹ್ಯಾಂಗ ಬಿಟ್ಟ ಬರೂದ್ರಿ?’

‘ಅಮ್ಮಾ, ಅದು...’ ಅಂದ ದ್ಯಾಮಪ್ಪ.

‘ಹೂಂನ್ರಿ?’

‘ಭಾಳ ಚಲೋ ಅದಾಳ.’

ಹೊರಗೆ ಕೋಣೆಯ ಗೋಡೆಗೆ ಎಮ್ಮೆ ಮೈ ತಿಕ್ಕುವ ಸದ್ದು. ಅವನಿಗೆ ತನ್ನ ಮೇಲೇ ಹೇಸಿಕೆಯಾಯಿತು. ಒಂದು ಹಿತ್ತಾಳೆ ತುಣುಕನ್ನು ನನ್ನದು ಅನ್ನಲಾರ. ಅವ್ವನೆದುರು ಒಂದು ಮಾತನ್ನು ಅನ್ನಲಾರದೆ ಹೋದವನೇ ಈಗಲೂ ಇಲ್ಲಿ ಕಂಬಕ್ಕೆ ಒರಗಿ ಕೂತಿದ್ದಾನೆ. ಅಷ್ಟರಲ್ಲಿ ಕಲ್ಲವ್ವ ಜಗಲಿಗೆ ಕೈ ಮುಗಿದು, ತಿರುಗಿ, ಮುದುಕಿಯ ಮಗ್ಗುಲಿಗೇ ನೆಲಕ್ಕೆ ಕೂತು, ‘ಯವ್ವಾ, ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ. ಈಕಿ ನಮ್ಮ ನಾವಿ ಬಿಟ್ಟ ಬಂದಾಕಿ’ ಅಂದಳು. ಕಡಾಣಿ, ಬಾಲ, ಹೊಳೆ ಎಲ್ಲವನ್ನೂ ಹೇಳಿದಳು. ನಾವಿಯಲ್ಲಿ ಎಂದೂ ಕೂತಿರದವಳಿಗೆ ಅದರ ಪ್ರತಿಯೊಂದು ಭಾಗದ ಹೆಸರು ಗೊತ್ತಿದ್ದದ್ದು ದ್ಯಾಮಪ್ಪನಿಗೆ ಆಗ ತಿಳಿಯಿತು.

ಕಳಕವ್ವ ಬಹಳ ಹೊತ್ತು ದೇವರನ್ನೇ ನೋಡಿದಳು. ಆಮೇಲೆ ದ್ಯಾಮಪ್ಪನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಬೀಗರ ಮನೆಯಲ್ಲಿ ಪಂಚಾಯ್ತಿಗೆ ಕೂತವಳ ಗಾಂಭೀರ್ಯ ಇತ್ತು. ‘ಖರೇ ಇರಬಹುದು. ಆದ್ರ ಬಿಟ್ಟ ಬಂದಾಳಂದ್ರ ಕಾರಣ ಇರಬೇಕಲ್ಲರಿ? ಹೆಣ್ಣಮಕ್ಕಳು ಸುಮ್ಮ ಸುಮ್ಮನ ಮನಿ ಬಿಡೂದಿಲ್ಲ. ಯಾರರ ಏನರ ಅಂದಿದ್ರೇನು?’

‘ಯಾರೂ ಏನೂ ಅಂದಿಲ್ರಿ’ ಅಂದ ದ್ಯಾಮಪ್ಪ. ತನ್ನ ದನಿಯನ್ನು ತಾನೇ ಕೇಳಿ ನಿಂತ. ಮತ್ತೆ ಮೆಲ್ಲಗೆ, ‘ಅನ್ನಬೇಕಾದ್ದನ್ನೂ ಅಂದಿಲ್ಲ’ ಎಂದು ಸೇರಿಸಿದ. ಕಲ್ಲವ್ವ ನೆಲದ ಮೇಲಿನ ಒಂದು ಜೋಳದ ಕಾಳನ್ನು ಬೆರಳಿನಿಂದ ಅತ್ತ ಇತ್ತ ಸರಿಸುತ್ತಿದ್ದಳು.

‘ಕರಕೊಂಡ ಹೋಗ್ರಿ ಅನ್ನಾಕ ಬಾಯಿ ಬರೂದಿಲ್ರಿ ನನಗ’ ಅಂದಳು ಮುದುಕಿ. ‘ಮಣ್ಣಾಗ ಮಾರಿ ಒತ್ತಿ ನಮೂನಿ ತಗೋತೀವಿ ಅಂದ್ರೂ ಕೊಡಾಂಗಿಲ್ಲ.’

‘ಬ್ಯಾಡಬಿಡ ಯವ್ವಾ. ಮಾನೌಮಿ ಅಮಾಸಿಗೆ ದೇವರು ಹೊಳಿಗೆ ಹೋಗ್ತಾವಲ್ಲ ಜಳಕಕ್ಕ? ಈ ವರ್ಷ ಈಕಿ ನಮ್ಮ ನಾವ್ಯಾಗ ಹೋಗ್ಲಿ. ನೀನೂ ಬಾ. ಒಂದ ಸುತ್ತ ಹಾಕಿ, ಜಳಕಾ ಮಾಡಿಸಿ, ನಿನ್ನ ಉಡ್ಯಾಗ ಹಾಕ್ತೀವಿ. ಆಮ್ಯಾಲ ನಾವಿ ಜಾಲಿ ಬುಡಕ ಮಲಗಲಿ.’

ಕಳಕವ್ವ ತನ್ನ ಷರತ್ತುಗಳನ್ನು ಹೇಳಿದಳು. ಮೊಳೆ ಹೊಡೆಯಬಾರದು, ಕಟ್ಟಬೇಕು. ಕಟ್ಟುವ ಕೈ ಹೆಂಗಸರದಾಗಿರಬೇಕು. ಮತ್ತೆ, ‘ಊಟಾ ಮಾಡದ ಹೋಗಬಾರದು. ಇದು ಈಗಿಂದ’ ಅಂದಳು.

ಅಮಾವಾಸ್ಯೆಯ ದಿನ ಕೊಣ್ಣೂರಿನ ದಂಡೆಯಲ್ಲಿ ಗಾಳಿ ಪಡುವಲಿನಿಂದ ಹದವಾಗಿ ಬೀಸುತ್ತಿತ್ತು. ಅಂಬಿಗರ ಗೋಣೆಪ್ಪ ಪ್ರತಿ ವರ್ಷ ಯಾರೂ ಹೇಳದಿದ್ದರೂ ನಾವಿಗೆ ಎಣ್ಣೆ ಬಳಿದು ಇಡುತ್ತಿದ್ದ. ಮುಂಜಾನೆಯೇ ಅದನ್ನು ಮಗುಚಿ ನೀರಿಗಿಳಿಸಿದ್ದ. ಕಳಕವ್ವ ದೇವರನ್ನು ಉಡಿಯಲ್ಲಿ ತಂದಿದ್ದಳು. ದ್ಯಾಮಪ್ಪ ಮೊಣಕಾಲು ನೀರಿನಲ್ಲಿ ನಿಂತು ಹೇಳಿಕೊಟ್ಟ. ಕಲ್ಲವ್ವ ಸೀರೆ ಎತ್ತಿ ಕಟ್ಟಿ, ತೋಳಿನ ತೂತುಗಳಲ್ಲಿ ನೂಲಿನ ಹಗ್ಗ ಪೋಣಿಸಿ, ಹಿಂಬದಿಯ ಹಲಗೆಗೆ ಬಿಗಿದಳು. ಬೆಳ್ಳಿ ಕಣ್ಣು ಹೊಳೆಯ ಕಡೆ ತಿರುಗಿದವು. ಗೋಣೆಪ್ಪ ಬಾಲವನ್ನು ಎತ್ತಿ ಮೇಲಿಂದ ಇಳಿಸಿದ. ಅದರ ಬಳೆ ಗೂಟದ ಮೇಲೆ ಸದ್ದಿಲ್ಲದೆ ಕೂತಿತು. ಎಷ್ಟು ಸರಿಯಾಗಿ ಕೂತಿತೆಂದರೆ ದ್ಯಾಮಪ್ಪನ ಕಣ್ಣು ತುಂಬಿದವು. ಅವನು ಬಗ್ಗಿ ಮುಖಕ್ಕೆ ನೀರು ಹಾಕಿಕೊಂಡ.

ಗಂಡ, ಹೆಂಡತಿ, ಮುದುಕಿ ಮೂವರೂ ಹತ್ತಿದರು. ದ್ಯಾಮಪ್ಪ ವಾಡಿಕೆಯಂತೆ ಹಿಂದೆ ಹೋಗಿ ಮೇಳಿಗೆ ಕೈ ಹಾಕಿದ.

‘ಬಿಡ್ರಿ, ಬಿಡ್ರಿ!’ ಅಂದಳು ಕಳಕವ್ವ. ‘ದೇವರಿಗೆ ಹತ್ತಿದ್ದ ಕಟ್ಟಿಗಿ ಅದು. ಆಕೀನ ಆಡಿಸೂದು ಗಂಡಸರ ಕೆಲಸ ಅಲ್ಲ. ಆ ತಂಗಿ ಹಿಡೀಲಿ.’

ದಂಡೆಯಿಂದ ಗೋಣೆಪ್ಪ, ‘ಆಯಿ, ಅದು ಮೇಳಿ. ಮೇಳಿ ಹೆಣ್ಣಮಕ್ಕಳು ಮುಟ್ಟಬಾರದು’ ಎಂದು ಕೂಗಿದ.

‘ಮೇಳಿ?’ ಮುದುಕಿ ನಾವಿಯನ್ನು ಮೇಲಿಂದ ಕೆಳಗೆ ನೋಡಿದಳು. ‘ನೇಗಿಲ ಎಲ್ಲೈತೋ ಯಪ್ಪಾ? ನೀರಾಗ ಏನ ಬಿತ್ತಾಂವ ನೀನು, ಸಜ್ಜಿನೋ ಕಡ್ಲಿನೋ?’

ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದವರು ನಕ್ಕರು. ಗೋಣೆಪ್ಪ ತಲೆ ಕೆರೆದುಕೊಂಡ. ‘ಹೆಸರ ನಾನ ಇಟ್ಟದ್ರಿ’ ಎಂದು ದ್ಯಾಮಪ್ಪ ಎಲ್ಲರಿಗೂ ಕೇಳುವಂತೆ ಅಂದ. ‘ತಮಾಷಿಗೆ ಇಟ್ಟಿದ್ದೆ. ಬರೇ ಹೆಸರು.’ ಆಡಿದ ಮೇಲೆ ಅದು ಎಷ್ಟು ಸಣ್ಣ ಮಾತು ಎಂದು ಬೆರಗಾಯಿತು. ಕಲ್ಲವ್ವ ಅವನನ್ನು ನೋಡಿದಳು. ಅವನು ಸರಿದು ಜಾಗ ಬಿಟ್ಟ.

ಗೋಣೆಪ್ಪ ದಂಡೆಯಿಂದ ತಳ್ಳಿದ. ಪರದಿ ಎರಡು ಸಲ ಬಡಿದುಕೊಂಡು ಆಮೇಲೆ ಗಾಳಿ ಹಿಡಿದು ಹೊಟ್ಟೆ ಉಬ್ಬಿಸಿತು. ದ್ಯಾಮಪ್ಪ ಕೈಯಲ್ಲಿ ಅದರ ಹಗ್ಗ ಹಿಡಿದು, ಮಾಮಲೇದಾರರು ಕೂರುತ್ತಿದ್ದ ಅಡ್ಡಹಲಗೆಯ ಮೇಲೆ, ಹಿಂಬದಿಗೆ ಮುಖ ಮಾಡಿ ಕೂತಿದ್ದ. ಇಲ್ಲಿ ಕೂತವರಿಗೆ ಹೊಳೆಗಿಂತ ಮೊದಲು ಕಾಣುವುದು ನಡೆಸುವವರ ಮುಖ ಎಂದು ಅವನಿಗೆ ಗೊತ್ತಿರಲಿಲ್ಲ. ‘ಎಡಕ ಒತ್ತಿದ್ರ ಬಲಕ ಹೋಗ್ತೈತಿ’ ಅಂದ. ‘ತಿಳೀತ್ರಿ’ ಅಂದಳು ಅವಳು. ಮೊದಲು ನಾವಿ ಕುಡಿದವನಂತೆ ಅತ್ತಿತ್ತ ಓಲಾಡಿತು. ಕಳಕವ್ವ ಗಂಗವ್ವಾ ಗಂಗವ್ವಾ ಎಂದು ಕಣ್ಣು ಮುಚ್ಚಿದಳು. ಆಮೇಲೆ ಒಂದು ಗಳಿಗೆಯಲ್ಲಿ ಎಲ್ಲವೂ ನೆಟ್ಟಗಾಯಿತು. ಕಲ್ಲವ್ವನ ಕೆಳತುಟಿ ಹಲ್ಲಿನ ನಡುವೆ ಇತ್ತು. ಹಣೆಯ ಕುಂಕುಮ ಬೆವರಿಗೆ ಸ್ವಲ್ಪ ಜಾರಿತ್ತು. ಅವಳು ಅವನನ್ನು ನೋಡುತ್ತಿರಲಿಲ್ಲ. ಅವನ ಹೆಗಲ ಮೇಲಿಂದ ದೂರದ ನೀರನ್ನು ನೋಡುತ್ತಿದ್ದಳು, ಹಬ್ಬದ ಒಲೆಯ ಮುಂದೆ ಕೂಡ ಅವನು ಕಂಡಿರದ ಒಂದು ಏಕಾಗ್ರತೆಯಿಂದ. ಈ ಮುಖ ಇಷ್ಟು ದಿನ ಎಲ್ಲಿತ್ತು ಎಂದುಕೊಂಡ. ಎಲ್ಲಿಗೂ ಹೋಗಿರಲಿಲ್ಲ, ಇಲ್ಲೇ ಇತ್ತು. ಕೂಡಿಸಿ ಋಣ ತೀರಿಸುತ್ತೇನೆ ಎಂದು ಬಂದಿದ್ದ. ಈಗ ನೋಡಿದರೆ ಕೂಡಿಸಿಕೊಂಡವಳು ಅವಳು.

ಬಟ್ಟೆ ಒಗೆಯುವ ಕಲ್ಲುಗಳು ಹಿಂದಾದವು. ಊರಿನ ಸದ್ದು ಸಣ್ಣದಾಯಿತು. ಕಳಕವ್ವ ಕಣ್ಣು ತೆರೆದು, ಕೈಯನ್ನು ನೀರಿಗೆ ಇಳಿಬಿಟ್ಟು, ತೊಟ್ಟಿಲಲ್ಲಿ ಕೂತವಳಂತೆ ನಗುತ್ತಿದ್ದಳು. ತಿರುಗಿ ಹೋಗುವಾಗ ಗಾಳಿ ಎದುರಾಗುತ್ತದೆ, ಕಡಾಣಿಗೆ ಕಟ್ಟಿದ ಹಗ್ಗ ಎಷ್ಟು ತಡೆಯುತ್ತದೋ ಎಂದು ದ್ಯಾಮಪ್ಪನಿಗೆ ಅಳುಕಾಯಿತು. ‘ಸಾಕು, ಇನ್ನ ತಿರುಗಸು’ ಅಂದ.

‘ಯಾಕ್ರಿ?’ ಅಂದಳು ಕಲ್ಲವ್ವ, ಮುಂದಿನ ನೀರಿನಿಂದ ಕಣ್ಣು ತೆಗೆಯದೆ. ‘ಹೊಳಿ ಮುಗೀತೇನು?’

ಅವನು ತಿರುಗಿ ನೋಡಿದ. ಹೊಳೆ ಮುಗಿದಿರಲಿಲ್ಲ. ಗಾಳಿ ಇನ್ನಷ್ಟು ತುಂಬಲೆಂದು ಪರದಿಯ ಹಗ್ಗವನ್ನು ಇನ್ನೊಂದು ಗೇಣು ಸಡಿಲ ಬಿಟ್ಟ.